ಕಟ್ಟಿಗೆ ರ‍್ಯಾಕ್ ಬಾಗುತ್ತಿದೆ, ಅಲ್ಲಾಡುತ್ತಿದೆ, ಪುಡಿ ಉದುರಿಸುತ್ತಿದೆ: ದೋಷ ಎಲ್ಲಿದೆ?

ಮುಂಬಯಿಯ ಸಾಕಿನಾಕಾದಲ್ಲಿ ನನ್ನದು ನೆಲಮಹಡಿಯ ಒಂದು ಗಾಳಾ, ಅಂದರೆ ಬಡಗಿ ಕೆಲಸದ ಮಳಿಗೆ. 14 ಅಡಿ ಅಗಲ, 30 ಅಡಿ ಉದ್ದ. ಅದರಲ್ಲೇ ಕಟರ್, ರಂಧಾ (ಹಲಗೆ ಹೆರೆಯುವ) ಮೆಷಿನ್, ಪಾಲಿಶ್ ಮಾಡುವ ಮೂಲೆ, ಊಟದ ಡಬ್ಬಿ ಇಡುವ ಕಪಾಟು. ಉದ್ದದ ಗೋಡೆಗೆ ಹಲಗೆ ಪೇರಿಸಿಡುವ ಕಟ್ಟಿಗೆ ರ‍್ಯಾಕ್. ಮುಂಬಯಿಯಲ್ಲಿ ಜಾಗ ಅನ್ನೋದು ಮೇಲಕ್ಕೆ ಮಾತ್ರ ಸಿಗುತ್ತದೆ. ಹಾಗಾಗಿ ನಾವೆಲ್ಲ ಗೋಡೆಗೆ ತೋಳು (ಮುಂದೆ ಚಾಚಿದ ಬ್ರಾಕೆಟ್ಟು) ಹೊಡೆದು ಹಲಗೆ ಏರಿಸುತ್ತೇವೆ. ಒಂದು ದಿನ ತೋಳು ಸ್ವಲ್ಪ ಬಾಗಿದ್ದು ಕಾಣುತ್ತದೆ. ನಟ್ಟು ಬಿಗಿ ಮಾಡಿ ಕೆಲಸಕ್ಕೆ ಹೋಗುತ್ತೇವೆ.

ನಾನು ಹಾಗೆ ಮೂರು ಸಲ ಬಿಗಿ ಮಾಡಿದ್ದೆ. ಜೂನ್ ತಿಂಗಳ ಒಂದು ರಾತ್ರಿ ಮೇಲಿನ ಸಾಲು ಗಿಲಾವಿನ (ಗೋಡೆಯ ಪ್ಲಾಸ್ಟರಿನ) ಸಮೇತ ಕೆಳಗೆ ಬಂತು. ಬೆಳಿಗ್ಗೆ ಶಟರ್ ಎತ್ತಿದರೆ ಅರ್ಧಕ್ಕೇ ನಿಂತಿತು, ಒಳಗಿನಿಂದ ಒಂದು ಹಲಗೆ ಒತ್ತಿಕೊಂಡಿತ್ತು. ರಾತ್ರಿಯಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಸಂಜೆ ನಾಲ್ಕಕ್ಕೆ ಬಿದ್ದಿದ್ದರೆ ಅದರ ಕೆಳಗೇ ನಮ್ಮ ಹುಡುಗ ಸ್ಯಾಂಡಿಂಗ್ ಮಾಡುತ್ತಾ ಕೂತಿರುತ್ತಿದ್ದ.

ತೋಳುಗಳು ನೆಟ್ಟಗೇ ಇದ್ದವು. ಒಂದೂ ಬಾಗಿರಲಿಲ್ಲ. ನಾನು ಮೂರು ಸಲ ರಿಪೇರಿ ಮಾಡಿದ್ದು ಕೆಡದೇ ಇದ್ದ ಭಾಗವನ್ನು. ಕಟ್ಟಿಗೆ ರ‍್ಯಾಕಿನಲ್ಲಿ ಲಕ್ಷಣ ಕಾಣುವುದು ಒಂದು ಕಡೆ, ದೋಷ ಕೂತಿರುವುದು ಇನ್ನೊಂದು ಕಡೆ. ಅದಕ್ಕೇ ಇದನ್ನು ಕಣ್ಣಿಗೆ ಬೀಳುವ ಲಕ್ಷಣದಿಂದ ಶುರು ಮಾಡಿ ಬರೆದಿದ್ದೇನೆ. ಪ್ರತಿ ಲಕ್ಷಣಕ್ಕೂ ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಆಮೇಲೆ.

ಕೈ ಹಾಕುವ ಮುಂಚೆ

ಮೊದಲು ಅಳತೆ. ನೆಲದಿಂದ ತೋಳಿನ ತುದಿಗೆ ಎಷ್ಟು, ತೋಳಿನ ಬುಡಕ್ಕೆ ಎಷ್ಟು ಅಂತ ಟೇಪು ಹಿಡಿದು ನೋಡಿ. ತಾರೀಖಿನ ಸಮೇತ ಗೋಡೆಯ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಮೊಬೈಲಿನಲ್ಲಿ ಒಂದು ಫೋಟೋ. ಇಷ್ಟಕ್ಕೆ ಐದು ನಿಮಿಷ ಸಾಕು. ರ‍್ಯಾಕ್ ಕಟಕಟ ಅನ್ನುತ್ತಿದ್ದರೆ, ನೋಡುತ್ತಿದ್ದ ಹಾಗೇ ಪುಡಿ ಉದುರುತ್ತಿದ್ದರೆ ಅಳತೆಯೂ ಬೇಡ. ಎಲ್ಲರನ್ನೂ ಹೊರಗೆ ಕಳಿಸಿ, ಕರೆಂಟು ಆಫ್ ಮಾಡಿ, ಅನುಭವ ಇರುವವರನ್ನು ಕರೆಸಿ. ಬೀಳುತ್ತಿರುವುದಕ್ಕೆ ಊರುಗೋಲು ಕೊಡಲು ಕೆಳಗೆ ನುಗ್ಗಬೇಡಿ.

ಆಮೇಲೆ ಭಾರ ಇಳಿಸಿ. ಹೊರೆ ಇರುವಾಗ ನಟ್ಟಿಗೆ ಪಾನಾ (ಸ್ಪ್ಯಾನರ್) ಹಾಕಬೇಡಿ, ತೋಳಿಗೆ ಸುತ್ತಿಗೆ ಹೊಡೆಯಬೇಡಿ. ಮೇಲಿನ ಸಾಲಿನಿಂದ ಇಳಿಸುತ್ತಾ ಬನ್ನಿ. ಹಲಗೆಯ ಒಂದೊಂದು ತುದಿಗೆ ಒಬ್ಬೊಬ್ಬರಂತೆ ಇಬ್ಬರು ಬೇಕು. ಕೈಗವಸು, ಗಟ್ಟಿ ಬೂಟು ಹಾಕಿಕೊಳ್ಳಿ. ಚಪ್ಪಲಿಯಲ್ಲಿ ಈ ಕೆಲಸ ಬೇಡ. ರ‍್ಯಾಕನ್ನೇ ಏಣಿ ಮಾಡಿಕೊಂಡು ಹತ್ತುವುದಂತೂ ಬೇಡವೇ ಬೇಡ. ನಮ್ಮ ಹುಡುಗರು ದಿನಾ ಮಾಡುವುದು ಅದನ್ನೇ. ನೆಲದ ಮೇಲೆ ನಿಂತ, ಎರಡೂ ಕಡೆ ತೋಳಿರುವ ರ‍್ಯಾಕಾದರೆ ಒಂದೇ ಕಡೆ ಪೂರ್ತಿ ಖಾಲಿ ಮಾಡಿದಾಗ ಅದು ಇನ್ನೊಂದು ಕಡೆಗೆ ಮಗುಚಿಕೊಳ್ಳುತ್ತದೆ. ಈ ಕಡೆಯಿಂದ ನಾಲ್ಕು, ಆ ಕಡೆಯಿಂದ ನಾಲ್ಕು ಅಂತ ತೆಗೆಯಿರಿ.

ಖಾಲಿಯಾದ ಮೇಲೆ ಅದೇ ಅಳತೆ ಇನ್ನೊಮ್ಮೆ.

ತೋಳಿನ ತುದಿ ಕೆಳಗಿಳಿದಿದೆ

ಎರಡು ಅಳತೆಗಳನ್ನು ಪಕ್ಕಪಕ್ಕ ಇಡಿ. ಭಾರ ಇಳಿಸಿದ ಮೇಲೆ ತುದಿ ವಾಪಸ್ ಮೇಲೆ ಬಂದರೆ ತೋಳಿನ ಕಬ್ಬಿಣ ಇನ್ನೂ ಕೆಟ್ಟಿಲ್ಲ. ಹೊರೆ ಜಾಸ್ತಿ ಅಥವಾ ತೋಳು ಉದ್ದ, ಅಷ್ಟೇ. ತುದಿ ಇಳಿದಲ್ಲೇ ನಿಂತರೆ ತೋಳು ಶಾಶ್ವತವಾಗಿ ಬಗ್ಗಿದೆ, ಇಲ್ಲವೇ ಬುಡದ ಜೋಡಣೆ ಜಾರಿದೆ. ಎರಡರಲ್ಲಿ ಯಾವುದು ಅಂತ ತಿಳಿಯಲು ಒಂದು ನೆಟ್ಟಗಿನ ಪಟ್ಟಿಯನ್ನು ತೋಳಿನ ಉದ್ದಕ್ಕೂ ಇಟ್ಟು ನೋಡಿ. ಪಟ್ಟಿಗೂ ತೋಳಿಗೂ ನಡುವೆ ಎಲ್ಲಾದರೂ ಬೆಳಕು ಕಂಡರೆ ತೋಳೇ ಬಗ್ಗಿದೆ. ಪಟ್ಟಿ ಪೂರ್ತಿ ಕೂತರೆ ತೋಳು ನೆಟ್ಟಗಿದೆ, ಬುಡದಲ್ಲಿ ಹುಡುಕಿ.

ಈಗ ತೂಕದ ಲೆಕ್ಕ. ಇದನ್ನು ಯಾರೂ ಮಾಡುವುದಿಲ್ಲ. ಒಣಗಿದ ಸಾಗುವಾನಿ ಒಂದು ಘನ ಅಡಿಗೆ ಸುಮಾರು 18 ಕಿಲೋ ತೂಗುತ್ತದೆ. ಒಂದು ಅಡಿ ಅಗಲ, ಒಂದು ಅಡಿ ಎತ್ತರ, 8 ಅಡಿ ಉದ್ದದ ರಾಶಿ ಅಂದರೆ 8 ಘನ ಅಡಿ. ಹತ್ತಿರ ಹತ್ತಿರ 150 ಕಿಲೋ! ನೋಡಲು ಎಷ್ಟೋ ಸಣ್ಣ ರಾಶಿ ಅದು. ಮಳೆಗಾಲದಲ್ಲಿ ಕಟ್ಟಿಗೆ ತೇವ ಕುಡಿಯುತ್ತದೆ. ತೇವಾಂಶ ಶೇಕಡ 10ರಿಂದ 18ಕ್ಕೆ ಏರಿದರೆ ಅದೇ ರಾಶಿ 10–11 ಕಿಲೋ ಹೆಚ್ಚು ತೂಗುತ್ತದೆ. ಮೇ ತಿಂಗಳಲ್ಲಿ ಸುಮ್ಮನಿದ್ದ ರ‍್ಯಾಕ್ ಜುಲೈನಲ್ಲಿ ಬಾಗಲು ಇದೂ ಒಂದು ಕಾರಣ. ಹಸಿ ಕಟ್ಟಿಗೆಯದ್ದಂತೂ ಬೇರೆಯೇ ಲೆಕ್ಕ. ರೇ ರೋಡಿನ ಕಟ್ಟಿಗೆ ಬಜಾರಿನಿಂದ ಟೆಂಪೋದಲ್ಲಿ ಇಳಿದ ಮಾಲನ್ನು ನೇರ ಮೇಲಿನ ಸಾಲಿಗೆ ಏರಿಸುವ ಮುಂಚೆ ಒಂದು ಹಲಗೆ ತೂಗಿ ನೋಡುವುದು ಒಳ್ಳೆಯದು.

ತೂಕಕ್ಕಿಂತ ಮೋಸ ಮಾಡುವುದು ಉದ್ದ. ಅದೇ ತೂಕವನ್ನು ಒಂದು ಅಡಿಯ ತೋಳಿನ ಬದಲು ಎರಡು ಅಡಿಯ ತೋಳಿನ ಮೇಲೆ ಹರಡಿದರೆ ಬುಡಕ್ಕೆ ಬೀಳುವ ಜಗ್ಗು ಎರಡು ಪಟ್ಟು. ತುದಿ ಇಳಿಯುವುದು ಎಂಟು ಪಟ್ಟು! ತೋಳು ಉದ್ದವಾಯಿತು ಅಂತ ಕಟ್ಟಿಗೆಯನ್ನೂ ಎರಡರಷ್ಟು ತುಂಬಿದರೆ ಹದಿನಾರು ಪಟ್ಟು. 'ತೋಳು ಸ್ವಲ್ಪ ಉದ್ದ ಇರಲಿ, ಜಾಸ್ತಿ ಮಾಲು ಹಿಡಿಯುತ್ತದೆ' ಅಂತ ಗಿರಾಕಿ ಹೇಳಿದಾಗಲೆಲ್ಲ ನಾನು ಈ ಲೆಕ್ಕ ಹೇಳುತ್ತೇನೆ. ಉದ್ದ ತೋಳು ಒಂದು ಹಾಕುವ ಬದಲು ಗಿಡ್ಡ ತೋಳಿನ ಎರಡು ಸಾಲು ಹಾಕಿಸಿ.

ತೋಳು ಮರದ್ದಾದರೆ ಇನ್ನೊಂದು ವಿಷಯ ಇದೆ. ಮರ ಹೊರೆಯ ಕೆಳಗೆ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಮೊದಲ ದಿನ ಒಂದು ಸೂತ್ (ಇಂಚಿನ ಎಂಟನೇ ಒಂದು ಭಾಗ) ಇಳಿದದ್ದು ವರ್ಷಗಳ ಹೊರೆಯಲ್ಲಿ ಎರಡು ಸೂತ್ ಆಗಬಹುದು. ಅದು ಮರದ ಸ್ವಭಾವ, ಗಾಬರಿ ಬೇಡ. ಆದರೆ ತೋಳಿನ ಮೇಲ್ಮೈಯಲ್ಲಿ, ಬುಡದ ಹತ್ತಿರ ಅಡ್ಡಡ್ಡ ಸೀಳು ಕಂಡರೆ ಆ ತೋಳನ್ನು ತೆಗೆದು ಹಾಕಿ. ಅಂಟು ಹಾಕಿ ಉಳಿಸಲು ಹೋಗಬೇಡಿ.

ಕೊನೆಗೆ ವೆಲ್ಡಿಂಗ್. ಬುಡದ ಬೆಸುಗೆಯ ಬಣ್ಣ ಕೆರೆದು ಟಾರ್ಚು ಹಾಕಿ ನೋಡಿ. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಅದು ಬಿರುಕು. ಬಹಳ ಕಡೆ ಉದ್ದಕ್ಕೂ ಬೆಸುಗೆ ಇರುವುದೇ ಇಲ್ಲ, ಎರಡು ಚುಕ್ಕೆ ಟಾಕಾ ಹೊಡೆದು ಮೇಲೆ ಬಣ್ಣ ಬಳಿದಿರುತ್ತಾರೆ. ಅಂಥದ್ದನ್ನು ಬಿಚ್ಚಿ ಗಾಳಾದ ಹೊರಗೆ ತೆಗೆದುಕೊಂಡು ಹೋಗಿ ಬೆಸುಗೆ ಹಾಕಿಸಿ. ಒಳಗೇ ಮಾಡಬೇಕಾಗಿ ಬಂದರೆ 35 ಅಡಿ ಸುತ್ತ ಹೊಟ್ಟು, ಪಾಲಿಶ್, ಥಿನ್ನರ್ ಏನೂ ಇರಬಾರದು. 14 ಅಡಿ ಅಗಲದ ಗಾಳಾದಲ್ಲಿ ಅದು ಆಗದ ಮಾತು, ಅಲ್ವಾ? ಹೊಟ್ಟಿನೊಳಗೆ ಬಿದ್ದ ಕಿಡಿ ಗಂಟೆ ಕಳೆದ ಮೇಲೂ ಹೊತ್ತಿಕೊಳ್ಳಬಹುದು.

ಬೋಲ್ಟಿನ ಸುತ್ತ ಪುಡಿ, ಬಿರುಕು. ನಟ್ಟು ಸುಮ್ನೆ ತಿರುಗುತ್ತಿದೆ

ನನ್ನ ರ‍್ಯಾಕಿನ ಕಥೆ ಇದೇ. ತೋಳಿನ ತುದಿ ಅರ್ಧ ಇಂಚು ಇಳಿದಿತ್ತು. ತೋಳು ಬಾಗಿದೆ ಅಂದುಕೊಂಡೆ. ನಿಜಕ್ಕೂ ಆಗಿದ್ದು ಏನೆಂದರೆ ತೋಳಿನ ಪ್ಲೇಟು ಮೇಲ್ಗಡೆ ಗೋಡೆ ಬಿಟ್ಟು ಮುಂದೆ ಬಂದಿತ್ತು. ಒಂದು ಪೋಸ್ಟ್‌ಕಾರ್ಡ್ ಸಾಕು, ಇದು ಗೊತ್ತಾಗುತ್ತದೆ. ಪ್ಲೇಟಿನ ಮೇಲಂಚಿಗೂ ಗೋಡೆಗೂ ನಡುವೆ ಕಾರ್ಡು ತೂರಿಸಿ ನೋಡಿ. ಒಳಗೆ ಹೋದರೆ ತಪ್ಪು ಗೋಡೆಯದು.

ಎರಡನೇ ಪರೀಕ್ಷೆಗೂ ಖರ್ಚಿಲ್ಲ. ನಟ್ಟಿನ ಮೇಲಿನಿಂದ ಪ್ಲೇಟಿನವರೆಗೆ, ಪ್ಲೇಟಿನಿಂದ ಗೋಡೆಯವರೆಗೆ ಪೆನ್ಸಿಲಿನಲ್ಲಿ ಒಂದು ನೆಟ್ಟ ಗೆರೆ ಎಳೆಯಿರಿ. ಬಿರುಕು ಇದ್ದರೆ ಅದಕ್ಕೆ ಅಡ್ಡಲಾಗಿ ತೆಳ್ಳಗೆ ಪಿಒಪಿ ಹಚ್ಚಿ ತಾರೀಖು ಬರೆಯಿರಿ. ಆ ಸಾಲಿನಲ್ಲಿ ನಾಲ್ಕೇ ನಾಲ್ಕು ಹಗುರ ಪಟ್ಟಿ ಇಟ್ಟು ಹದಿನೈದು ದಿನ ಬಿಡಿ. ಗೆರೆ ಮುರಿದರೆ, ಪಿಒಪಿ ಸೀಳಿದರೆ ಜಾರುವುದು ಇನ್ನೂ ನಿಂತಿಲ್ಲ. ಏನೂ ಆಗದಿದ್ದರೆ ಬಿರುಕು ಹಳೆಯದು.

ನಟ್ಟು ತಿರುಗಿಸಿದಾಗ ಬೋಲ್ಟೂ ಜೊತೆಗೇ ತಿರುಗಿದರೆ, ಗೋಡೆಯೊಳಗೆ ಉಬ್ಬಿ ಬೋಲ್ಟನ್ನು ಹಿಡಿಯುವ ಆಂಕರ್ ಒಳಗೆ ಹಿಡಿತ ಬಿಟ್ಟಿದೆ ಅಂತ ಅರ್ಥ. ಇನ್ನಷ್ಟು ಬಿಗಿ ಮಾಡಿದರೆ ತೂತು ಇನ್ನಷ್ಟು ದೊಡ್ಡದಾಗುತ್ತದೆ. ನಾನು ಮೂರು ಸಲ ಮಾಡಿದ್ದು ಅದನ್ನೇ. ಆ ತೂತಿನಲ್ಲಿ ಬೆಂಕಿಕಡ್ಡಿ, ಮರದ ಗೂಟ, ಸಿಮೆಂಟು ತುಂಬಿ ಅದೇ ಬೋಲ್ಟು ಮತ್ತೆ ಹಾಕುವುದು ನಮ್ಮಲ್ಲಿ ಮಾಮೂಲು. ಕ್ಯಾಲೆಂಡರ್ ತೂಗಿಸಲು ಅದು ಸಾಕು. 150 ಕಿಲೋಗೆ ಸಾಲದು.

ಹೊಸ ತೂತು ಬೇರೆ ಕಡೆ ಕೊರೆಯಬೇಕು. ಕೊರೆಯುವಾಗ ಡ್ರಿಲ್ಲಿನಿಂದ ಬೀಳುವ ಪುಡಿಯನ್ನು ಒಂದು ಬಿಳಿ ಕಾಗದದ ಮೇಲೆ ಹಿಡಿಯಿರಿ. ಗೋಡೆಯ ಒಳಗೆ ಏನಿದೆ ಅಂತ ಪುಡಿಯೇ ಹೇಳುತ್ತದೆ. ಮೊದಲು ಬರುವ ಬೂದು ಪುಡಿ ಗಿಲಾವಿನದು. ಅದು ಎಷ್ಟು ಆಳದವರೆಗೆ ಬರುತ್ತದೆ ಅನ್ನುವುದನ್ನು ಗಮನಿಸಿ. ನನ್ನ ಗೋಡೆಯಲ್ಲಿ ಒಂದೂವರೆ ಇಂಚು ಬರೀ ಗಿಲಾವೇ ಇತ್ತು. ಎರಡು ಇಂಚಿನ ಆಂಕರ್ ಹಾಕಿದ್ದೆ. ಇಟ್ಟಿಗೆಯನ್ನು ಹಿಡಿದದ್ದು ಬರೀ ಅರ್ಧ ಇಂಚು. ಸಾಲದ್ದಕ್ಕೆ ಅದು ಎರಡು ಗಾಳಾಗಳ ನಡುವಿನ ನಾಲ್ಕೂವರೆ ಇಂಚಿನ ತೆಳು ಗೋಡೆ.

ಗಿಲಾವಿನ ಒಳಗೆ ಕೆಂಪು ಪುಡಿ ಬಂದರೆ ಇಟ್ಟಿಗೆ. ಇಟ್ಟಿಗೆಯ ನಡುವಿಗೆ ಕೊರೆದರೆ ಹಿಡಿಯುತ್ತದೆ, ಸಂದಿನ ಗಾರೆಗೆ ಕೊರೆದರೆ ಇಲ್ಲ. ಹಳೆಯ ಚಾಳುಗಳಲ್ಲಿ ಸಂದು ಸುಣ್ಣದ ಗಾರೆಯದು, ಬೆರಳಿನಲ್ಲಿ ಕೆರೆದರೂ ಉದುರುತ್ತದೆ. ಬೂದು ಪುಡಿ ಸಣ್ಣಗೆ, ಕಷ್ಟಪಟ್ಟು ಬರುತ್ತಿದ್ದರೆ ಕಾಂಕ್ರೀಟು. ಆಂಕರ್‌ಗೆ ಅದೇ ಒಳ್ಳೆಯದು. ಆದರೆ ಡ್ರಿಲ್ಲಿನ ಬಿಟ್ಟು ಒಳಗಿನ ಕಬ್ಬಿಣದ ಸರಳಿಗೆ ತಾಗಿ ನಿಂತರೆ ಒತ್ತಾಯ ಮಾಡಬೇಡಿ, ಸರಳು ಕತ್ತರಿಸಿದರೆ ಕಂಬವೇ ದುರ್ಬಲ. ಡ್ರಿಲ್ಲು ಬೆಣ್ಣೆಗೆ ಇಳಿದ ಹಾಗೆ ಇಳಿದು, ಬಿಳಿ–ಬೂದು ಹಿಟ್ಟು ಸುರಿದರೆ ಅದು ಎಎಸಿ ಬ್ಲಾಕ್. ಪುಣೆಯ ಹೊಸ ಶೆಡ್ಡುಗಳಲ್ಲಿ, ಭೋಸರಿ–ಚಾಕಣ ಕಡೆ ಈ ಹಗುರ ಬ್ಲಾಕ್ ಬಹಳ. ಅದರಲ್ಲಿ ಉಬ್ಬಿ ಹಿಡಿಯುವ ಮಾಮೂಲಿ ಆಂಕರ್ ಹಾಕಿದರೆ ಬ್ಲಾಕೇ ಒಡೆಯುತ್ತದೆ. ಗೋಡೆಯ ಆ ಕಡೆಯವರೆಗೆ ಬೋಲ್ಟು ಹಾಯಿಸಿ ಹಿಂದೆ ಪ್ಲೇಟು ಕೊಡಬೇಕು. ಇಲ್ಲದಿದ್ದರೆ ಗೋಡೆಯ ಆಸೆ ಬಿಟ್ಟು ನೆಲದ ಮೇಲೆ ನಿಲ್ಲುವ ಚೌಕಟ್ಟು ಮಾಡಿಸಬೇಕು. ಗೋವಾದ ಹಳೆಯ ಮನೆಗಳಲ್ಲಿ ಕೆಂಪು–ಕಂದು ಪುಡಿ, ಅಲ್ಲಲ್ಲಿ ಡ್ರಿಲ್ಲು ದಿಢೀರ್ ಅಂತ ಒಳಗೆ ಹೋಗುವುದು ಕಂಡರೆ ಅದು ಚಿರೆಕಲ್ಲು. ನಮ್ಮ ಕರಾವಳಿಯ ಮುರಕಲ್ಲೇ. ಒಳಗೆ ಪೊಳ್ಳು ಇರುವುದರಿಂದ ಉಬ್ಬುವ ಆಂಕರನ್ನು ನಂಬಲಾಗದು. ಮ್ಹಾಪ್ಸಾದಲ್ಲಿ ನಮ್ಮ ಊರಿನವರೊಬ್ಬರಿಗೆ ಕೊನೆಗೆ ಕಾಲಿರುವ ರ‍್ಯಾಕೇ ಮಾಡಿಕೊಟ್ಟೆ.

ಕೊರೆಯುವ ಮೊದಲು ಆ ಗೋಡೆಯ ಸ್ವಿಚ್ಚು, ನಲ್ಲಿ ಎಲ್ಲಿವೆ ನೋಡಿ. ಅವುಗಳ ನೇರ ಮೇಲೆ, ನೇರ ಕೆಳಗೆ ಕೊರೆಯಬೇಡಿ. ಒಳಗೆ ವೈರು, ಪೈಪು ಹೋಗಿರುತ್ತದೆ. ಕೊರೆದ ಮೇಲೆ ತೂತಿನೊಳಗಿನ ಪುಡಿಯನ್ನು ಪೂರ್ತಿ ಊದಿ ತೆಗೆಯಿರಿ. ಪುಡಿ ಉಳಿದರೆ ಆಂಕರ್ ಪುಡಿಯನ್ನೇ ಹಿಡಿದುಕೊಂಡು ಕೂರುತ್ತದೆ. ಆಗ ಕಣ್ಣಿಗೆ ಕನ್ನಡಕ ಇರಲಿ.

ಮೇಲಿನ ಬೋಲ್ಟಿನ ಮೇಲೆ ಬೀಳುವ ಜಗ್ಗು ಎಷ್ಟು? ಲೆಕ್ಕ ಸುಲಭ. ತೋಳಿನ ಮೇಲಿನ ತೂಕವನ್ನು, ಆ ತೂಕದ ನಡುಭಾಗ ಗೋಡೆಯಿಂದ ಎಷ್ಟು ದೂರ ಇದೆಯೋ ಅದರಿಂದ ಗುಣಿಸಿ. ಎರಡು ಬೋಲ್ಟುಗಳ ನಡುವಿನ ಅಂತರದಿಂದ ಭಾಗಿಸಿ. ತೋಳಿನ ಮೇಲೆ 40 ಕಿಲೋ, ನಡುಭಾಗ 6 ಇಂಚು ದೂರ, ಬೋಲ್ಟುಗಳ ಅಂತರ 6 ಇಂಚು ಅಂದರೆ ಮೇಲಿನ ಬೋಲ್ಟನ್ನು ಸುಮಾರು 40 ಕಿಲೋ ಹೊರಕ್ಕೆ ಎಳೆಯುತ್ತದೆ. ಅಂತರ 2 ಇಂಚಾದರೆ ಅದೇ ಹೊರೆ 120 ಕಿಲೋ ಎಳೆಯುತ್ತದೆ. ಬಜಾರಿನಲ್ಲಿ ಸಿಗುವ ಚಿಕ್ಕ ಬ್ರಾಕೆಟ್ಟುಗಳು ಗೋಡೆಯಿಂದ ಕಿತ್ತು ಬರುವುದು ಇದಕ್ಕೇ. ತೋಳಿಗೆ ಏನೂ ಆಗಿರುವುದಿಲ್ಲ.

ಹಲಗೆ ಎಳೆದರೆ ರ‍್ಯಾಕೇ ತೂಗುತ್ತದೆ

ಇದು ನೆಲದ ಮೇಲೆ ನಿಂತ ರ‍್ಯಾಕಿನ ತೊಂದರೆ. ಯಾವ ಕಡೆಗೆ ತೂಗುತ್ತದೆ ಅನ್ನುವುದೇ ಮುಖ್ಯ. ಎಡಕ್ಕೆ ಬಲಕ್ಕೆ ತೂಗಿದರೆ ಹಿಂಭಾಗಕ್ಕೆ ಕತ್ತರಿ ಪಟ್ಟಿ ಇಲ್ಲ ಅಂತ. ನಾಲ್ಕು ಮೂಲೆಯ ಚೌಕಕ್ಕೆ ಎಷ್ಟು ಬೋಲ್ಟು ಹಾಕಿದರೂ ಅದು ಓರೆಯಾಗುತ್ತದೆ. ಕರ್ಣಕ್ಕೆ ಒಂದು ಪಟ್ಟಿ ಬಿದ್ದರೆ ನಿಲ್ಲುತ್ತದೆ. ಒಂದು ಹಗ್ಗವನ್ನು ಮೂಲೆಯಿಂದ ಮೂಲೆಗೆ ಬಿಗಿದು ಅಲ್ಲಾಡಿಸಿ ನೋಡಿ. ಹಗ್ಗ ಬಿಗಿದ ಕಡೆಗೆ ತೂಗುವುದು ನಿಂತರೆ ಬೇಕಾದದ್ದು ಆ ಪಟ್ಟಿಯೇ. ಎರಡೂ ಕರ್ಣಕ್ಕೆ ಒಂದೊಂದು ಹಾಕಿಸಿ. ಸ್ಲಾಟೆಡ್ ಆಂಗಲ್ ರ‍್ಯಾಕುಗಳಲ್ಲಿ ಮೂಲೆಯ ತ್ರಿಕೋನ ಪ್ಲೇಟುಗಳನ್ನು ಉಳಿತಾಯ ಅಂತ ಬಿಟ್ಟಿರುತ್ತಾರೆ, ಅವನ್ನೂ ಹಾಕಿಸಿ.

ಮುಂದಕ್ಕೆ ಹಿಂದಕ್ಕೆ ತೂಗಿದರೆ ಕಾಲು ನೋಡಿ. ನಾಲ್ಕೂ ಕಾಲಿನ ಕೆಳಗೆ ಪೋಸ್ಟ್‌ಕಾರ್ಡ್ ತೂರಿಸಿ. ಯಾವುದಾದರೂ ಕಾಲು ತೇಲುತ್ತಿದೆಯಾ? ಕಾಲು ಟೈಲ್ಸಿನ ಮೇಲೋ ಗಟಾರದ ಮುಚ್ಚಳದ ಮೇಲೋ ನಿಂತಿದೆಯಾ? ಟೈಲ್ಸನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ. ಪೊಳ್ಳು ಸದ್ದು ಬಂದರೆ ಕಾಲಿನ ಕೆಳಗೆ ಅಗಲ ಪ್ಲೇಟು ಬೇಕು. ಎಲ್ಲ ಸರಿ ಇದ್ದೂ ತೂಗಿದರೆ ರ‍್ಯಾಕ್ ತನ್ನ ಆಳಕ್ಕೆ ಮೀರಿ ಎತ್ತರ ಇದೆ. ಆಳದ ಮೂರು ಪಟ್ಟು ದಾಟಿದ ಯಾವ ರ‍್ಯಾಕನ್ನೂ ನಾನು ಗೋಡೆಗೆ ಕಟ್ಟದೆ ಬಿಡುವುದಿಲ್ಲ.

ರ‍್ಯಾಕ್ ಗಟ್ಟಿ, ಆದರೆ ಹಲಗೆಗಳು ಡೊಂಕು

ಕಟ್ಟಿಗೆ ವ್ಯಾಪಾರಿಯನ್ನು ಬೈಯುವ ಮೊದಲು ಒಂದು ದಾರ ತನ್ನಿ. ಒಂದು ಸಾಲಿನ ಮೊದಲ ತೋಳಿನಿಂದ ಕೊನೆಯ ತೋಳಿಗೆ ಬಿಗಿಯಾಗಿ ಕಟ್ಟಿ. ನಡುವಿನ ತೋಳುಗಳು ದಾರಕ್ಕೆ ತಾಗುವಷ್ಟೇ ತಾಗಬೇಕು. ಒಂದು ತೋಳು ದಾರವನ್ನು ಮೇಲೆತ್ತಿದರೆ, ಇನ್ನೊಂದು ಎರಡು ಸೂತ್ ಕೆಳಗಿದ್ದರೆ ಹಲಗೆ ಆರು ತಿಂಗಳಲ್ಲಿ ಅದೇ ಅಲೆಯನ್ನು ಕಲಿತುಕೊಳ್ಳುತ್ತದೆ. ತೋಳಿನ ಮೇಲೆ ತೆಳ್ಳನೆಯ ಪ್ಲೈ ಚೂರು ಇಟ್ಟರೆ ಮಟ್ಟ ಸರಿಯಾಗುತ್ತದೆ. ಎರಡು ರೂಪಾಯಿಯ ರಿಪೇರಿ.

ಹಲಗೆ ತೋಳುಗಳ ನಡುವೆ ಜೋತು ಬಿದ್ದಿದ್ದರೆ ತೋಳುಗಳ ಅಂತರ ಜಾಸ್ತಿ. ಒಂದು ಇಂಚು ದಪ್ಪದ ಹಲಗೆಗೆ ನಾನು 18 ಇಂಚಿಗೊಂದು ತೋಳು ಕೊಡುತ್ತೇನೆ. ಅರ್ಧ ಇಂಚಿನ ಪಟ್ಟಿ, ಬೀಡಿಂಗುಗಳಿಗೆ ಅದೂ ಸಾಲದು. ಅವುಗಳ ಕೆಳಗೆ ಒಂದು ಉದ್ದ ಹಲಗೆ ಹಾಸಿಬಿಡಿ.

ಹಲಗೆ ಉದ್ದಕ್ಕೆ ನೆಟ್ಟಗಿದ್ದು ಅಗಲಕ್ಕೆ ದೋಣಿಯಂತೆ ಬಗ್ಗಿದ್ದರೆ ಅದು ಗಾಳಿಯ ತೊಂದರೆ. ಒಂದು ಮುಖ ಗಾಳಿಗೆ ಬಿದ್ದಿದೆ, ಇನ್ನೊಂದು ಮುಖ ಕೆಳಗಿನ ಹಲಗೆಗೆ ಅಂಟಿಕೊಂಡಿದೆ. ಒಂದು ಮುಖ ತೇವ ಕುಡಿದು ಹಿಗ್ಗಿತು, ಇನ್ನೊಂದು ಹಿಗ್ಗಲಿಲ್ಲ. ಮುಂಬಯಿಯ ಮಳೆಗಾಲದಲ್ಲಿ ತೆರೆದಿಟ್ಟ ಕಟ್ಟಿಗೆಯ ತೇವಾಂಶ ಶೇಕಡ 16–18ಕ್ಕೆ ಹೋಗುತ್ತದೆ, ಚಳಿಗಾಲದಲ್ಲಿ 11–12ಕ್ಕೆ ಇಳಿಯುತ್ತದೆ. ಇಷ್ಟಕ್ಕೇ 12 ಇಂಚು ಅಗಲದ ಸಾಗುವಾನಿ ಹಲಗೆ ಸುಮಾರು ಒಂದು ಸೂತ್ ಹಿಗ್ಗಿ ಕುಗ್ಗುತ್ತದೆ. ಸಾಗುವಾನಿಯೇ ಇಷ್ಟಾದರೆ ಮಾವು, ಅಕೇಶಿಯಾ ಕೇಳಬೇಡಿ. ಪುಣೆಯ ಬೇಸಿಗೆ ಇದಕ್ಕೆ ತಿರುಗುಮುರುಗು. ಅಲ್ಲಿ ಮಧ್ಯಾಹ್ನದ ಒಣ ಗಾಳಿ ಮೇಲಿನ ಹಲಗೆಯನ್ನು ಒಂದೇ ವಾರದಲ್ಲಿ ಸೆಳೆದು ಬಗ್ಗಿಸುತ್ತದೆ. ಹಾಗಾಗಿ ಮುಂಬಯಿಯಿಂದ ಪುಣೆಗೆ ಒಯ್ದ ಮಾಲನ್ನು ಅಲ್ಲಿ ಕೆಲವು ವಾರ ಸುಮ್ನೆ ಇಟ್ಟು ಆಮೇಲೆ ಕೆಲಸಕ್ಕೆ ತೆಗೆದುಕೊಳ್ಳಬೇಕು.

ಪ್ರತಿ ಎರಡು ಹಲಗೆಗಳ ನಡುವೆ ಮುಕ್ಕಾಲು ಇಂಚಿನ ಒಣ ಪಟ್ಟಿ ಇಡಿ. ಪಟ್ಟಿಗಳೆಲ್ಲ ಒಂದೇ ದಪ್ಪ ಇರಬೇಕು, ಒಂದರ ಮೇಲೊಂದು ನೇರ ಬರಬೇಕು, ಆ ಸಾಲು ತೋಳಿನ ನೇರಕ್ಕೇ ಇರಬೇಕು. ಪಟ್ಟಿ ತೋಳು ಬಿಟ್ಟು ಆಚೆ ಈಚೆ ಕೂತರೆ ಹಲಗೆಯನ್ನು ನೀವೇ ಬಗ್ಗಿಸಿದ ಹಾಗೆ. ಮೇಲೆ ಒಂದು ಕೆಲಸಕ್ಕೆ ಬಾರದ ಭಾರದ ಹಲಗೆ ಹೇರಿ. ಬಗ್ಗಬೇಕಾದರೆ ಅದು ಬಗ್ಗಲಿ.

ಕಪ್ಪು ಪಟ್ಟೆ, ಬೂಷ್ಟು, ಹಿಟ್ಟು

ಹಲಗೆ ತಿರುವಿದಾಗ ತೋಳು ತಾಗಿದ ಕಡೆಯಲ್ಲೆಲ್ಲ ನೀಲಿ–ಕಪ್ಪು ಪಟ್ಟೆ ಕಂಡರೆ ಬಹಳ ಜನ ಬೂಷ್ಟು ಅನ್ನುತ್ತಾರೆ. ಬೂಷ್ಟು ಅಳತೆ ಪಟ್ಟಿ ಹಿಡಿದು ಬರುವುದಿಲ್ಲ. ಸರಿಯಾಗಿ 18 ಇಂಚಿಗೊಂದು ಪಟ್ಟೆ ಬಿದ್ದಿದ್ದರೆ ಅದು ಕಬ್ಬಿಣದ ಕಲೆ. ಕಟ್ಟಿಗೆಯೊಳಗಿನ ಒಗರು, ತೇವ, ಬರಿ ಕಬ್ಬಿಣ ಮೂರೂ ಸೇರಿದರೆ ಶಾಯಿಯಂಥ ಬಣ್ಣ ಹುಟ್ಟುತ್ತದೆ. ಅಕೇಶಿಯಾದಂಥ ಒಗರು ಜಾಸ್ತಿ ಇರುವ ಕಟ್ಟಿಗೆಗೆ ಇದು ಬೇಗ ಹತ್ತುತ್ತದೆ. ಆಕ್ಸಾಲಿಕ್ ಆಸಿಡ್ ಕರಗಿಸಿದ ನೀರು ಹಚ್ಚಿದರೆ ಕಲೆ ಹೋಗುತ್ತದೆ. ಅದು ವಿಷ. ಕೈಗವಸು ಹಾಕಿ, ಊಟದ ಡಬ್ಬಿಯಿಂದ ದೂರ ಇಡಿ, ಆಮೇಲೆ ಹಲಗೆಯನ್ನು ಚೆನ್ನಾಗಿ ತೊಳೆಯಿರಿ. ತೋಳಿನ ಮೇಲೆ ಒಂದು ಮರದ ಪಟ್ಟಿ ಸ್ಕ್ರೂ ಮಾಡಿದರೆ ಈ ಕಲೆ ಮತ್ತೆ ಬರುವುದಿಲ್ಲ.

ಹಲಗೆ ತುಂಬ ಹರಡಿದ, ಒರೆಸಿದರೆ ಬರುವ ಹಸಿರು–ಕಪ್ಪು ಬೂಷ್ಟು ಗಾಳಿಯಾಡದ್ದಕ್ಕೆ. ರಾಶಿಯನ್ನು ಗೋಡೆಯಿಂದ ಎರಡು ಇಂಚು ಈಚೆ ಎಳೆದು ಫ್ಯಾನು ಹಚ್ಚಿ. ತೇವಾಂಶ ಶೇಕಡ 20ರ ಕೆಳಗೆ ಇದ್ದರೆ ಕಟ್ಟಿಗೆ ಕೊಳೆಯುವುದಿಲ್ಲ.

ತೋಳಿನ ಮೇಲೆ ಮೈದಾ ಹಿಟ್ಟಿನಂಥ ಪುಡಿ, ಹಲಗೆಯಲ್ಲಿ ಗುಂಡುಸೂಜಿ ತಲೆಯಷ್ಟು ತೂತು ಕಂಡರೆ ಹುಳು. ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ನೋಡಿ. ಹೊಸ ಪುಡಿ ಬಿದ್ದರೆ ಹುಳು ಬದುಕಿದೆ. ಅದು ತಿನ್ನುವುದು ಹೊರಭಾಗದ ಬಿಳಿ ಕಟ್ಟಿಗೆಯನ್ನು. ರಬ್ಬರ್ ಮರ, ಮಾವು ಅದಕ್ಕೆ ಇಷ್ಟ, ಸಾಗುವಾನಿಯ ತಿರುಳು ಅದಕ್ಕೆ ರುಚಿಸದು. ಆ ಹಲಗೆಯನ್ನು ಅವತ್ತೇ ಬೇರೆ ಮಾಡಿ. ಗೋಡೆಯ ಮೇಲೆ ಮಣ್ಣಿನ ಗೆರೆ ಹತ್ತಿಕೊಂಡು ಬಂದಿದ್ದರೆ ಗೆದ್ದಲು. ಗೆರೆ ಕೆರೆದು ಹಾಕಿದರೆ ಮುಗಿಯಲಿಲ್ಲ, ಗೂಡು ನೆಲದೊಳಗೆ ಇರುತ್ತದೆ. ಕೀಟ ನಿಯಂತ್ರಣದವರನ್ನು ಕರೆಸಲೇಬೇಕು.

ಪ್ಲೈ ಷೀಟುಗಳು ಬಿಲ್ಲಿನಂತೆ ಬಗ್ಗಿವೆ

ಗೋಡೆಗೆ ತೀರಾ ಓರೆಯಾಗಿ ಆನಿಸಿದ್ದೀರಿ. ಕಾರಣ ಇಷ್ಟೇ. ಆದರೆ ಇದನ್ನು ಸರಿ ಮಾಡಲು ಹೋಗಿ ತೀರಾ ನೆಟ್ಟಗೆ ನಿಲ್ಲಿಸಿದರೆ ಇನ್ನೂ ದೊಡ್ಡ ಅಪಾಯ. 8×4ರ 18 ಮಿ.ಮೀ. ಪ್ಲೈ ಒಂದು ಷೀಟು 30 ಕಿಲೋ ಮೇಲೆ ತೂಗುತ್ತದೆ, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಷೀಟು) ಆದರೆ 40ರ ಹತ್ತಿರ. ಹಿಂದಿನ ಷೀಟು ನೋಡಲು ಮುಂದಿನ ಹತ್ತನ್ನು ಎದೆಗೆ ಒರಗಿಸಿಕೊಳ್ಳುವ ಅಭ್ಯಾಸ ನಮಗೆಲ್ಲ ಇದೆ. 300 ಕಿಲೋ ಅದು. ತಡೆದು ನಿಲ್ಲಿಸುತ್ತೇನೆ ಅನ್ನುವ ಭ್ರಮೆ ಬೇಡ. ಷೀಟುಗಳಿಗೆ ನೆಟ್ಟಗೆ ನಿಲ್ಲುವ, ನಡುವೆ ಕಂಬಿಗಳಿರುವ ಗೂಡು ಮಾಡಿಸಿ. ಒಂದು ಗೂಡಿಗೆ ಐದಾರು ಷೀಟು ಸಾಕು.

ಕೆಳಸಾಲಿನ ಹಲಗೆಯ ತುದಿ ಕಪ್ಪಾಗಿದೆ, ಕಾಲಿಗೆ ತುಕ್ಕು ಹಿಡಿದಿದೆ

ನೆಲದಿಂದ ತೇವ ಏರುತ್ತಿದೆ. ಒಂದು ಚದರ ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಟೇಪು ಹಾಕಿ ಅಂಟಿಸಿ, ಮರುದಿನ ಎತ್ತಿ ನೋಡಿ. ಕೆಳಗೆ ಬೆವರಿದ್ದರೆ ತೇವ ನೆಲದ್ದು, ಒಣಗಿದ್ದರೆ ನೀರು ಬಾಗಿಲಿನಿಂದಲೋ ಮಾಡಿನ ಪತ್ರಾದಿಂದಲೋ (ತಗಡಿನಿಂದಲೋ) ಬರುತ್ತಿದೆ. ಕಾಲಿನ ತುಕ್ಕನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಪದರ ಉದುರಿ ಒಳಗೆ ಗಟ್ಟಿ ಸಿಕ್ಕರೆ ಕೆರೆದು ರೆಡ್ ಆಕ್ಸೈಡ್ ಹಚ್ಚಿ. ಸ್ಕ್ರೂಡ್ರೈವರ್ ತೂರಿ ಹೋದರೆ ಆ ಕಾಲು ಬದಲಿಸಬೇಕು.

ಕೆಳಸಾಲು ಎಷ್ಟು ಎತ್ತರ ಇರಬೇಕು ಅಂತ ಕೇಳುತ್ತಾರೆ. ಪುಸ್ತಕದ ಲೆಕ್ಕದಲ್ಲಿ ನಾಲ್ಕಾರು ಇಂಚು ಸಾಕು. ನಮ್ಮ ಕಡೆ ಲೆಕ್ಕ ಬೇರೆ. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಸುರಿದು ಮೀಠಿ ನದಿ ಉಕ್ಕಿತ್ತು. ಆ ದಿನ ಕಂಡವರು ಯಾರೂ ಸಾಗುವಾನಿಯನ್ನು ನೆಲದ ಹತ್ತಿರ ಇಡುವುದಿಲ್ಲ. ನನ್ನ ಕೆಳಸಾಲು ನೆಲದಿಂದ ಎರಡೂವರೆ ಅಡಿ. ಅದರ ಕೆಳಗೆ ಕಬ್ಬಿಣದ ಸಾಮಾನು, ಕ್ಲಾಂಪುಗಳು.

ಇಲ್ಲಿಗೆ ನಿಲ್ಲಿಸಿ, ತಿಳಿದವರನ್ನು ಕರೆಸಿ

ಬಿರುಕು ಗಿಲಾವು ದಾಟಿ ಇಟ್ಟಿಗೆಯೊಳಗೆ ಹೋಗಿದ್ದರೆ, ಗೋಡೆಯೇ ಹೊಟ್ಟೆ ಉಬ್ಬಿದ್ದರೆ, ಕಂಬ–ತೊಲೆಯ ಕಾಂಕ್ರೀಟು ಉದುರಿ ಸರಳು ಕಾಣುತ್ತಿದ್ದರೆ ರ‍್ಯಾಕಿನ ಚಿಂತೆ ಬಿಡಿ. ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ. ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಾನೂನಿನ ಪ್ರಕಾರ ಕಡ್ಡಾಯ. ಆ ವರದಿ ಸೊಸೈಟಿ ಆಫೀಸಿನಲ್ಲಿ ಇರುತ್ತದೆ, ಕೇಳಿ ಓದಿ. ಮೇಲಿನ ಮಹಡಿಯ ಗಾಳಾದಲ್ಲಿ ರ‍್ಯಾಕ್ ತುಂಬಿಸುವ ಮೊದಲು ಚಪ್ಪಡಿ ಎಷ್ಟು ಭಾರ ತಡೆಯುತ್ತದೆ ಅಂತ ಅವರನ್ನೇ ಕೇಳಬೇಕು. ಪೋಟ್‌ಮಾಳಾದ (ಒಳಗಿನ ಅಟ್ಟದ) ತೊಲೆಗೆ ರ‍್ಯಾಕ್ ತೂಗಿಸುವ ಯೋಚನೆ ಇದ್ದರೆ ಅದನ್ನು ಇಂದೇ ಕೈಬಿಡಿ. ಆ ತೊಲೆ ಯಾರು, ಯಾವ ಲೆಕ್ಕದಲ್ಲಿ ಹಾಕಿದ್ದೋ.

ಹೊಸದೇ ಮಾಡಿಸುವುದಾದರೆ

ಬಿದ್ದ ಮೇಲೆ ನಾನು ಗೋಡೆಗೆ ತೂಗುವ ರ‍್ಯಾಕ್ ಮತ್ತೆ ಮಾಡಿಸಲಿಲ್ಲ. 75 ಮಿ.ಮೀ. ಸಿ ಆಕಾರದ ಕಬ್ಬಿಣದ ಚಾನಲ್ಲಿನ ಏಳು ಕಂಬ, ಕೆಳಗೆ ಅಗಲ ಪ್ಲೇಟು, ಕಂಬದಿಂದ ಕಂಬಕ್ಕೆ 18 ಇಂಚು. ಪೂರ್ತಿ ಭಾರ ನೆಲಕ್ಕೆ ಹೋಗುತ್ತದೆ. ಗೋಡೆಯ ಕೆಲಸ ಕಂಬ ಮುಂದಕ್ಕೆ ಬಾಗದಂತೆ ಮೇಲ್ಗಡೆ ಹಿಡಿದುಕೊಳ್ಳುವುದು ಮಾತ್ರ. ಕಂಬ ಆರೂವರೆ ಅಡಿ ಎತ್ತರ ಇರುವುದರಿಂದ ಮೇಲಿನ ಬೋಲ್ಟಿಗೆ ಬೀಳುವ ಜಗ್ಗು ಬಹಳ ಕಡಿಮೆ. ಅಲ್ಲಿ ಗೋಡೆಯ ಆ ಕಡೆಗೆ ಹಾಯಿಸಿದ ಬೋಲ್ಟು, ಹಿಂದೆ ಪ್ಲೇಟು. ಅದಕ್ಕೆ ಪಕ್ಕದ ಗಾಳಾದವರ ಒಪ್ಪಿಗೆ ಬೇಕಾಯಿತು, ಒಂದು ಡಬ್ಬ ಬಣ್ಣದ ಖರ್ಚೂ ಬಂತು. ತೋಳು 40×40×5ರ ಆಂಗಲ್, 12 ಇಂಚು ಉದ್ದ. ತುದಿ ಬುಡಕ್ಕಿಂತ ಅರ್ಧ ಇಂಚು ಮೇಲಿದೆ, ಹಲಗೆ ಜಾರಿ ಮುಂದೆ ಬರುವುದಿಲ್ಲ. ಬೆಸುಗೆ ಎಲ್ಲ ಹೊರಗೆ ಗಲ್ಲಿಯಲ್ಲಿ, ಪಕ್ಕದ ವೆಲ್ಡರ್ ಭಾವು ಅವರಿಂದ.

ತುಂಬಿಸುವಾಗ ಅವಸರ ಮಾಡಲಿಲ್ಲ. ಮೊದಲ ದಿನ ಕಾಲು ಭಾಗ, ಮರುದಿನ ಅರ್ಧ, ದಿನಾ ಬೆಳಿಗ್ಗೆ ಅದೇ ಪೆನ್ಸಿಲ್ ಗೆರೆ, ಅದೇ ಪೋಸ್ಟ್‌ಕಾರ್ಡ್. ಕೆಳಗಿನ ಎರಡು ಸಾಲಿಗೆ ಸಾಗುವಾನಿ, ನಡುವಿಗೆ ಪೈನು, ಮೇಲಿನದಕ್ಕೆ ರೀಪರ್ (ತೆಳು ಕಟ್ಟಿಗೆ ಪಟ್ಟಿ), ಬೀಡಿಂಗು. ಹುಡುಗ ಸ್ಯಾಂಡಿಂಗಿಗೆ ಕೂರುವ ಜಾಗವನ್ನು ಎದುರು ಗೋಡೆಗೆ ಸರಿಸಿದ್ದೇನೆ. ಅಲ್ಲಿ ಫ್ಯಾನಿನ ಗಾಳಿ ಬರುವುದಿಲ್ಲ ಅಂತ ಅವನು ಇನ್ನೂ ಗೊಣಗುತ್ತಾನೆ.